ಯಾವ ದಶಕದ ಹಾಡು ಮೇಲು? ನಾನು ಎಪ್ಪತ್ತರ ಪರ

(ಶಿರಸಿಯಲ್ಲಿ ಒಂದು ಸಂಜೆ ಆಡಿದ ಮಾತಿನ ಬರಹ ರೂಪ ಇದು. ಆಡುವಾಗ ಅವಸರದಲ್ಲಿ ಬಿಟ್ಟುಹೋದದ್ದನ್ನು ಅಲ್ಲಲ್ಲಿ ಸೇರಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಸುತ್ತಿ ಬಳಸಿ ಮಾತಾಡುವುದಿಲ್ಲ. ಕನ್ನಡದ ಜನಪ್ರಿಯ ಹಾಡುಗಳ ಮಟ್ಟಿಗೆ 1970ರ ದಶಕವನ್ನು ಮೀರಿಸಿದ ಇನ್ನೊಂದು ದಶಕ ಇಲ್ಲ. ಇಲ್ಲಿ ಕೂತವರಲ್ಲಿ ಹಂಸಲೇಖ ಅವರ ಕಡೆಯವರು ಜಾಸ್ತಿ ಇದ್ದೀರಿ, ಜಯಂತ ಕಾಯ್ಕಿಣಿಯವರ ಕಡೆಯವರು ಅದಕ್ಕಿಂತ ಜಾಸ್ತಿ ಇದ್ದೀರಿ. ಅವರ ಊರು ಗೋಕರ್ಣ ನಮ್ಮದೇ ಜಿಲ್ಲೆ, ಅಭಿಮಾನ ಇರಲೇಬೇಕು, ನನಗೂ ಇದೆ. ಆದರೂ ನಾನು ಎಪ್ಪತ್ತರ ಪರವಾಗಿಯೇ ವಾದ ಮಾಡುತ್ತೇನೆ. ಸುಮ್ನೆ ವಾದಕ್ಕಾಗಿ ಅಲ್ಲ, ಇದನ್ನು ನಾನು ನಿಜವಾಗಿ ನಂಬಿದ್ದೇನೆ.

ಈ ವಿಷಯ ಎತ್ತಿದ ಕೂಡಲೇ ಬರುವ ಆಕ್ಷೇಪ ಒಂದಿದೆ. ಪ್ರತಿಯೊಬ್ಬರಿಗೂ ತಮ್ಮ ಹದಿನಾರು ಹದಿನೇಳನೇ ವಯಸ್ಸಿನ ಹಾಡೇ ಚಂದ, ಅದಕ್ಕೆ ಇಷ್ಟೆಲ್ಲ ಕಾರಣ ಯಾಕೆ ಹುಡುಕಬೇಕು ಅಂತ. ಮಾತು ಸುಳ್ಳಲ್ಲ. ಮನಶ್ಶಾಸ್ತ್ರದವರೂ ಇದನ್ನೇ ಹೇಳುತ್ತಾರೆ, ಹರೆಯದ ವರ್ಷಗಳ ನೆನಪು ಉಳಿದ ವಯಸ್ಸಿನ ನೆನಪಿಗಿಂತ ಗಟ್ಟಿಯಾಗಿ ಕೂರುತ್ತದೆ ಎಂದು. ಆದರೆ ನನ್ನ ಹರೆಯ 'ಪ್ರೇಮಲೋಕ'ದ ಕಾಲದ್ದು. 1987ರಲ್ಲಿ ಆ ಕ್ಯಾಸೆಟ್ ಬಂದಾಗ ಶಿರಸಿ ಪೇಟೆಯಲ್ಲಿ ಒಂದು ಅಂಗಡಿ ದಾಟಿ ಇನ್ನೊಂದು ಅಂಗಡಿಗೆ ಹೋಗುವಷ್ಟರಲ್ಲಿ ಮುಂದಿನ ಹಾಡು ಕೇಳುತ್ತಿತ್ತು, ನಾನೂ ಅದರಲ್ಲಿ ಮುಳುಗಿದ್ದವನೇ. ನೆನಪಿನ ಸೆಳೆತ ಮಾತ್ರ ಲೆಕ್ಕಕ್ಕೆ ಬರುವುದಾದರೆ ನಾನು ಎಂಬತ್ತರ ಪರ ನಿಲ್ಲಬೇಕಿತ್ತು. ಎಪ್ಪತ್ತರ ಹಾಡುಗಳು ನನಗೆ ಅಮ್ಮ, ಚಿಕ್ಕಮ್ಮಂದಿರ ಬಾಯಿಂದ ಬಂದದ್ದು. ಅವರಿಗೆ ಎಲ್ಲಿಂದ ಬಂತು ಎನ್ನುವುದೇ ಇವತ್ತಿನ ನನ್ನ ಮಾತಿನ ಮುಖ್ಯ ಭಾಗ.

ಅದಕ್ಕೆ ಮೊದಲು ಅಳತೆಗೋಲಿನ ವಿಷಯ ಮುಗಿಸೋಣ. ಹಿಟ್ ಹಾಡು ಅಂದರೆ ಯಾವುದು? ಬ್ರಿಟನ್ನಿನಲ್ಲಿ 1952ರ ನವೆಂಬರಿನಲ್ಲಿ ಒಂದು ಸಂಗೀತ ವಾರಪತ್ರಿಕೆ ಮೊದಲ ಸಲ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿ ಪ್ರಕಟಿಸಿತು. ಲೆಕ್ಕ ಹಾಕಿದ್ದು ಹೇಗೆ ಗೊತ್ತಾ? ಇಪ್ಪತ್ತರ ಆಸುಪಾಸು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಯಾವುದು ಜಾಸ್ತಿ ಹೋಯಿತು ಎಂದು ಕೇಳಿ. ಅಮೆರಿಕದಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ನೂರು ಹಾಡುಗಳ ಪಟ್ಟಿ 1958ರಲ್ಲಿ ಶುರುವಾಯಿತು. ಮಾರಾಟದ ವಿಷಯದಲ್ಲಿ ಅಲ್ಲೂ ಬಹಳ ಕಾಲ ಅಂಗಡಿಯವರು ಹೇಳಿದ್ದೇ ಲೆಕ್ಕ. 1991ರಲ್ಲಿ ಬಾರ್‌ಕೋಡ್ ನೋಡಿ ನಿಜವಾದ ಮಾರಾಟ ಎಣಿಸಲು ಶುರು ಮಾಡಿದ ಮೇಲೆ ಕಂಟ್ರಿ ಹಾಡುಗಾರರ ಆಲ್ಬಮ್‌ಗಳು, ರ‍್ಯಾಪ್ ಆಲ್ಬಮ್‌ಗಳು ಮೇಲೇರಿ ಕೂತವು. ಅವನ್ನು ಕೊಳ್ಳುವವರು ಮೊದಲೂ ಇದ್ದರು, ಪಟ್ಟಿಯವರ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ. 2013ರಲ್ಲಿ ಯೂಟ್ಯೂಬ್ ವೀಕ್ಷಣೆಯೂ ಲೆಕ್ಕಕ್ಕೆ ಸೇರಿತು. ಅಂದರೆ ಇಂಥ ಪಟ್ಟಿ ನೋಡಿ ದಶಕಗಳನ್ನು ಹೋಲಿಸುವುದು ಕಷ್ಟ, ಒಂದೊಂದು ದಶಕವನ್ನು ಒಂದೊಂದು ತಕ್ಕಡಿಯಲ್ಲಿ ತೂಗಿದ್ದಾರೆ.

ಹಿಂದಿಯವರಿಗೆ ಬಿನಾಕಾ ಗೀತ್‌ಮಾಲಾ ಇತ್ತು. 1952ರಿಂದ ರೇಡಿಯೋ ಸಿಲೋನಿನಲ್ಲಿ ಬರುತ್ತಿತ್ತು, ಅಮೀನ್ ಸಯಾನಿಯವರ ದನಿ. ಘಟ್ಟದ ಮೇಲೂ ಕೇಳುತ್ತಿದ್ದರು, ಕಾರವಾರದ ಕಡೆ ಇನ್ನೂ ಜಾಸ್ತಿ. ಕಾರವಾರದವರ ಕಿವಿಗೆ ಹಿಂದಿ, ಮರಾಠಿ, ಕೊಂಕಣಿ, ಗೋವಾದ ಕಡೆಯ ಗಾಯಕಿ ಲೋರ್ನಾ ಅವರ ಹಾಡು ಎಲ್ಲವೂ ಬೀಳುತ್ತಿತ್ತು, ಅದರ ನಡುವೆ ಕನ್ನಡದ ಹಾಡು ಜಾಗ ಮಾಡಿಕೊಳ್ಳಬೇಕಿತ್ತು. ಕನ್ನಡಕ್ಕೆ ಎಲ್ಲರೂ ಒಪ್ಪುವಂಥ ಪಟ್ಟಿ ಯಾವತ್ತೂ ಇರಲಿಲ್ಲ. ನಮಗಿದ್ದದ್ದು 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ, ಆಮೇಲೆ ವಿವಿಧ ಭಾರತಿ, ಕೋರಿಕೆಯ ಹಾಡಿನ ಹೊತ್ತಿಗೆ ಊರು ಊರಿನ ಹೆಸರುಗಳು, ಮತ್ತೆ ಮದುವೆ ಮನೆಯ ಮೈಕ್ ಸೆಟ್. ಮೈಕ್ ಸೆಟ್ಟಿನವನು ಯಾವ ರೆಕಾರ್ಡನ್ನು ಎರಡು ಸಲ ಹಾಕಿದ ಎನ್ನುವುದೇ ನಮ್ಮ ಪಟ್ಟಿ.

ಹಾಗಾಗಿ ನಾನು ಇಟ್ಟುಕೊಂಡ ಅಳತೆ ಬೇರೆ. ಅಡಿಕೆ ಸುಲಿಯುವ ರಾತ್ರಿಗಳನ್ನು ನೀವೆಲ್ಲ ನೋಡಿದ್ದೀರಿ. ಕೊಯ್ಲಿನ ಹೊತ್ತಿಗೆ ಹತ್ತಿಪ್ಪತ್ತು ಜನ ಅಂಗಳದಲ್ಲೋ ಜಗಲಿಯಲ್ಲೋ ಕೂತು, ಕೈ ಕತ್ತಿಯ ಮೇಲೆ, ಬಾಯಿ ಖಾಲಿ. ಮೊದಲು ರೇಡಿಯೋ ಹಾಡುತ್ತಿತ್ತು. ಅದು ಮುಗಿದ ಮೇಲೆ ಸುಲಿಯುವವರು ಹಾಡುತ್ತಿದ್ದರು. ವಾದ್ಯ ಇಲ್ಲ, ಶ್ರುತಿ ಇಲ್ಲ, ಸಂಗೀತ ಕಲಿತವರು ಒಬ್ಬರೂ ಇಲ್ಲ. ಅಲ್ಲಿ ಒಂದು ಹಾಡು ಪಲ್ಲವಿಯಲ್ಲೇ ನಿಂತುಹೋಗದೆ ಎರಡನೇ ಚರಣದ ತನಕ ನಡೆಯಿತಾ? ನಡೆದರೆ ಅದು ದೊಡ್ಡ ಹಾಡು. ಇವತ್ತಿನ ಅಂತ್ಯಾಕ್ಷರಿಯಲ್ಲೂ ಇದೇ ಪರೀಕ್ಷೆ ಮಾಡಬಹುದು. ಪಲ್ಲವಿಯ ಮೊದಲ ಸಾಲು ಎಲ್ಲರಿಗೂ ಬರುತ್ತದೆ, ಚರಣಕ್ಕೆ ಬಂದಾಗ ಯಾರು ತೊದಲುತ್ತಾರೆ, ಯಾವ ಹಾಡಿಗೆ ತೊದಲುತ್ತಾರೆ ನೋಡಿ. ನಮ್ಮ ಮನೆಯ ಮದುವೆಗಳಲ್ಲಿ ಕಂಡದ್ದನ್ನು ಹೇಳುತ್ತೇನೆ. ಇಂಜಿನಿಯರಿಂಗ್ ಓದುವ ಹುಡುಗಿಯೂ 'ಎರಡು ಕನಸು' ಚಿತ್ರದ ಹಾಡನ್ನು ಚರಣ ಸಮೇತ ಹಾಡುತ್ತಾಳೆ. ಆ ಚಿತ್ರ ಬಂದದ್ದು 1974ರಲ್ಲಿ. ಅವಳ ಅಮ್ಮನಿಗೂ ಅದು ಹರೆಯದ ಹಾಡಲ್ಲ.

ಹಾಗಾದರೆ ಎಪ್ಪತ್ತರಲ್ಲಿ ಏನಾಯಿತು?

ಎಲ್ಲರೂ ಮೊದಲು ಹೇಳುವುದು ಸಂಗೀತ ನಿರ್ದೇಶಕರ ಹೆಸರು. ನಾನೂ ಹೇಳುತ್ತೇನೆ, ಯಾಕೆಂದರೆ ಆ ಸಾಲು ಒಮ್ಮೆ ಕಿವಿಗೆ ಬೀಳಬೇಕು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ, ಎಂ. ರಂಗರಾವ್, ಉಪೇಂದ್ರ ಕುಮಾರ್, ಸತ್ಯಂ, ದಶಕದ ಕೊನೆಗೆ ಸಿ. ಅಶ್ವತ್ಥ್. ಇವರೆಲ್ಲ ಒಂದೇ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದರು, ಒಬ್ಬರ ದಾರಿ ಇನ್ನೊಬ್ಬರದಲ್ಲ. ವಿಜಯಭಾಸ್ಕರ್ ಅವರ ಹಾಡು ಒಳಗೊಳಗೇ ನಡೆಯುತ್ತದೆ. ರಾಜನ್–ನಾಗೇಂದ್ರ ಅವರದ್ದು ಮೊದಲ ಸಲ ಕೇಳಿದಾಗಲೇ ಬಾಯಿಗೆ ಬರುತ್ತದೆ. ಮುಂದೆ ದೊಡ್ಡ ಹೆಸರು ಮಾಡಿದ ಇಳಯರಾಜ ಅವರು ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದವರು. ಹಾಡುವವರಲ್ಲಿ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲಾ, ಎಸ್.ಪಿ. ಬಾಲಸುಬ್ರಹ್ಮಣ್ಯಂ, ವಾಣಿ ಜಯರಾಂ. ಅದೂ ಸಾಲದು ಎಂಬಂತೆ 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ರಾಜ್‌ಕುಮಾರ್ ಅವರೇ ತಮ್ಮ ಪಾತ್ರಗಳಿಗೆ ಹಾಡತೊಡಗಿದರು. ಅಷ್ಟರ ತನಕ ಅವರ ದನಿ ಅಂದರೆ ಪಿ.ಬಿ. ಶ್ರೀನಿವಾಸ್ ಅವರ ದನಿಯೇ ಆಗಿತ್ತು. ಒಂದೇ ದಶಕದಲ್ಲಿ ಒಬ್ಬ ನಟನಿಗೆ ಇಂಥ ಎರಡು ಕಂಠ! ಶಿರಸಿ ಸೀಮೆಯವರಿಗೆ 1975ರ 'ಮಯೂರ'ವನ್ನು ನಾನು ನೆನಪಿಸಬೇಕಾಗಿಲ್ಲ, ಕದಂಬರ ಬನವಾಸಿ ಇಲ್ಲೇ ಪಕ್ಕದಲ್ಲಿದೆ.

ಆದರೆ ಪ್ರತಿಭೆ ಎಲ್ಲ ದಶಕದಲ್ಲೂ ಇರುತ್ತದೆ. ಎಪ್ಪತ್ತರ ಗುಟ್ಟು ಬೇರೆ ಕಡೆ ಇದೆ ಅಂತ ನನ್ನ ನಂಬಿಕೆ. ಅದು ಕಾದಂಬರಿಯಲ್ಲಿದೆ.

ಆ ಕಾಲದ ಜನ ಮೆಚ್ಚಿದ ಹಾಡುಗಳು ಯಾವ ಚಿತ್ರದಿಂದ ಬಂದವು ನೋಡುತ್ತಾ ಹೋಗಿ. 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರ ಕಾದಂಬರಿ. (1969ರ ಚಿತ್ರ, ಆದರೆ ನನ್ನ ಎಪ್ಪತ್ತು ಅಲ್ಲಿಂದಲೇ ಶುರು. ಕ್ಯಾಲೆಂಡರ್ ಹಿಡಿದು ಜಗಳ ಮಾಡಬೇಡಿ.) 'ಶರಪಂಜರ' ತ್ರಿವೇಣಿಯವರದ್ದು. 'ನಾಗರಹಾವು' ತ.ರಾ.ಸು. ಅವರದ್ದು. 'ಬಂಗಾರದ ಮನುಷ್ಯ' ಟಿ.ಕೆ. ರಾಮರಾಯರದ್ದು. 'ಎಡಕಲ್ಲು ಗುಡ್ಡದ ಮೇಲೆ', 'ಬಯಲು ದಾರಿ' ಎರಡೂ ಭಾರತೀಸುತರದ್ದು. 'ಎರಡು ಕನಸು' ವಾಣಿಯವರದ್ದು. 'ಹೊಂಬಿಸಿಲು' ಉಷಾ ನವರತ್ನರಾಂ ಅವರದ್ದು. ಇದು ಸುಮ್ಮನೆ ಕಾಕತಾಳೀಯ ಅಲ್ಲ.

ಕಾದಂಬರಿಯಿಂದ ಬಂದ ಚಿತ್ರದಲ್ಲಿ ಹಾಡು ಬರೆಯುವವನಿಗೆ ಒಂದು ಮನಸ್ಸು ಸಿದ್ಧವಾಗಿ ಸಿಗುತ್ತದೆ. ಹುಡುಗ, ಹುಡುಗಿ, ತೋಟ, ಮಳೆ ಇಷ್ಟೇ ಇದ್ದರೆ ಬರೆಯುವವನು ಹೂವು, ಚಂದ್ರ, ಕಣ್ಣು ಅಂತ ಬರೆದು ಎದ್ದು ಹೋಗುತ್ತಾನೆ. 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ ಮಾಧವಿಗೆ ಒಂದು ದಾಂಪತ್ಯದ ಕಥೆ ಇದೆ, ಹೇಳಿಕೊಳ್ಳಲಾಗದ ಆಸೆ ಇದೆ, ಅದರ ಹಿಂದೆಯೇ ನಿಂತ ಭಯ ಇದೆ. ರಂಗರಾವ್ ಅವರ ರಾಗದಲ್ಲಿ ಜಾನಕಿಯವರು ವಿರಹದ ಆ ಹಾಡನ್ನು ಹಾಡುವಾಗ ಅದಷ್ಟೂ ಒಟ್ಟಿಗೆ ಕೇಳುತ್ತದೆ. ದನಿ ಏರಬೇಕಾದ ಕಡೆ ಏರುವುದಿಲ್ಲ, ತಡೆದುಕೊಳ್ಳುತ್ತದೆ. ಈ ಹಾಡನ್ನು ಇವತ್ತು ರಾತ್ರಿ ಮತ್ತೊಮ್ಮೆ ಕೇಳಿ, ತಡೆದುಕೊಂಡ ಜಾಗಗಳನ್ನೇ ಹುಡುಕಿ ಕೇಳಿ.

'ಶರಪಂಜರ'ದಲ್ಲಿ ಬೇಂದ್ರೆಯವರ ಕವಿತೆಯನ್ನು ಹಾಡಾಗಿ ಮಾಡಿದರು. ಪುಟ್ಟಣ್ಣ ಕಣಗಾಲ್ ಅವರು 1967ರ 'ಬೆಳ್ಳಿಮೋಡ'ದಲ್ಲೇ ಬೇಂದ್ರೆಯವರನ್ನು ತಂದಿದ್ದರು, ಅದೂ ತ್ರಿವೇಣಿಯವರ ಕಥೆ. ಯೋಚನೆ ಮಾಡಿ, ಕವಿಯ ಪುಸ್ತಕ ತೆರೆದೇ ನೋಡದ ಮನೆಗಳಲ್ಲಿ, ಅಡಿಕೆ ಸುಲಿಯುತ್ತಾ, ಪಾತ್ರೆ ತಿಕ್ಕುತ್ತಾ ಜನ ಬೇಂದ್ರೆಯವರನ್ನು ಬಾಯಿಪಾಠ ಮಾಡಿಕೊಂಡರು, ಅದು ಬೇಂದ್ರೆ ಅಂತ ಎಷ್ಟೋ ಜನರಿಗೆ ಗೊತ್ತೂ ಇರಲಿಲ್ಲ. ಇನ್ನೊಂದು ಕಡೆ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ದಿನ ಬಳಕೆಯ ಮಾತಿನಲ್ಲಿ ಬರೆದರು. ದಶಕ ಮುಗಿಯುವ ಹೊತ್ತಿಗೆ, 1978ರಲ್ಲಿ, 'ಪರಸಂಗದ ಗೆಂಡೆತಿಮ್ಮ'ದಲ್ಲಿ ದೊಡ್ಡರಂಗೇಗೌಡರು ಹಳ್ಳಿಯ ಮಾತನ್ನೇ ತಂದಿಟ್ಟರು. 'ಕಾಡು ಕುದುರೆ' ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು. ಕಂಬಾರರ ಹಾಡು ಅದು. ಹೀಗೆ ಬೇಂದ್ರೆಯಿಂದ ಕಂಬಾರರ ತನಕ, ನಡುವೆ ಪಕ್ಕಾ ಸಿನಿಮಾ ಸಾಹಿತ್ಯ, ಎಲ್ಲ ಒಂದೇ ರೇಡಿಯೋದಿಂದ ಬರುತ್ತಿತ್ತು.

ಈಗ ಅಮ್ಮ, ಚಿಕ್ಕಮ್ಮಂದಿರ ವಿಷಯಕ್ಕೆ ಬರುತ್ತೇನೆ. ಅವರು ಈ ಕಾದಂಬರಿಗಳನ್ನು ಓದಿದ್ದರು. ಕೊಳ್ಳುವ ದುಡ್ಡು ಇರಲಿಲ್ಲ, ಲೈಬ್ರರಿಯ ಪುಸ್ತಕ ಒಂದು ಮನೆಗೆ ಬಂದರೆ ಕೇರಿಯ ಎಲ್ಲ ಮನೆ ಸುತ್ತಿ ರಟ್ಟು ಕಿತ್ತುಹೋಗಿ ವಾಪಸ್ ಹೋಗುತ್ತಿತ್ತು. ಸಿನಿಮಾ ನೋಡುವುದು ವರ್ಷಕ್ಕೆ ಒಂದೋ ಎರಡೋ, ಮಾರಿಕಾಂಬಾ ಜಾತ್ರೆಗೆ ಶಿರಸಿಗೆ ಬಂದಾಗ, ಇಲ್ಲ ಯಾರದ್ದಾದರೂ ಮದುವೆ ಜವಳಿಗೆ ಬಂದಾಗ. ಹಾಗಾಗಿ ಎಷ್ಟೋ ಚಿತ್ರಗಳನ್ನು ಅವರು ನೋಡಿಯೇ ಇರಲಿಲ್ಲ. ಕಥೆ ಓದಿ ಗೊತ್ತು, ಹಾಡು ರೇಡಿಯೋದಲ್ಲಿ ಗೊತ್ತು, ಎರಡನ್ನೂ ತಾವೇ ಜೋಡಿಸಿಕೊಂಡರು. 'ಶರಪಂಜರ'ದ ಕಾವೇರಿ ಹೇಗಿದ್ದಾಳೆ ಅಂದರೆ ಅವರ ಕಣ್ಣಿಗೆ ಪಕ್ಕದ ಮನೆಯವಳೇ ಬರುತ್ತಿದ್ದಳು. ಹೀಗೆ ಕೇಳಿದ ಹಾಡು ಎರಡನೇ ಚರಣದ ತನಕ ಬಾಯಿಗೆ ಬರದೆ ಇರುತ್ತದಾ? ಚರಣದಲ್ಲಿ ಕಥೆ ಮುಂದೆ ಹೋಗುತ್ತದೆ. ಅದನ್ನು ಮರೆತರೆ ಕಥೆಯನ್ನೇ ಮರೆತ ಹಾಗೆ.

ಇದಕ್ಕೆ ಧ್ವನಿಮುದ್ರಣದ ರೀತಿಯೂ ಸೇರಿಕೊಂಡಿತು. ಆಗ ನಮ್ಮ ಹಾಡುಗಳ ರೆಕಾರ್ಡಿಂಗ್ ಬಹುತೇಕ ಮದ್ರಾಸಿನಲ್ಲಿ. ವಾದ್ಯದವರು, ಹಾಡುವವರು ಒಂದೇ ಹೊತ್ತಿಗೆ ಸ್ಟುಡಿಯೋದಲ್ಲಿ ಇರಬೇಕು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಹಾಗಾಗಿ ತಾಲೀಮು ಜಾಸ್ತಿ, ಮಾತು ಸ್ಪಷ್ಟ. ಆ ಗಾಯಕರಲ್ಲಿ ಬಹಳ ಜನ ತೆಲುಗು, ತಮಿಳು ಸೀಮೆಯವರು. ಆದರೂ ಒಂದು ಅಕ್ಷರ ಕಿವಿಗೆ ಒಡೆದು ಬರುವುದಿಲ್ಲ. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಅವರ ಕನ್ನಡ ಕೇಳಿ ಹಾಗೆ ಹೇಳಲು ಸಾಧ್ಯವೇ?

ಈಗ ಹಂಸಲೇಖ ಅವರ ಕಡೆಯವರಿಗೆ. ನೀವು ಹೇಳುವುದೆಲ್ಲ ಸರಿ. 'ಪ್ರೇಮಲೋಕ'ದಲ್ಲಿ ಮಾತೂ ಅವರದ್ದೇ, ರಾಗವೂ ಅವರದ್ದೇ, ಆಡುಮಾತನ್ನು ತಾಳಕ್ಕೆ ಕೂರಿಸಿದ ಆ ಚುರುಕು ಅದಕ್ಕೆ ಮೊದಲು ಇರಲಿಲ್ಲ. ಕ್ಯಾಸೆಟ್ ಬಂದದ್ದರಿಂದ ಹಾಡು ರೇಡಿಯೋದವರ ಮರ್ಜಿ ಬಿಟ್ಟು ಜನರ ಕೈಗೆ ಬಂತು. ಕಾರವಾರದ ಬೈತಖೋಲ ಬಂದರಿನ ಬೋಟಿನಿಂದ ಹಿಡಿದು ಘಟ್ಟ ಹತ್ತುವ ಲಾರಿಯ ತನಕ ಎಲ್ಲ ಕಡೆ ಅದೇ. 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರಕ್ಕೆ ಅವರಿಗೂ, ಹಾಡಿದ ಎಸ್.ಪಿ.ಬಿ. ಅವರಿಗೂ ರಾಷ್ಟ್ರಪ್ರಶಸ್ತಿ ಬಂತು, ಚಿಕ್ಕ ಮಾತಲ್ಲ. ನನ್ನ ತಕರಾರು ಒಂದೇ. ಆ ಹದಿನೈದು ವರ್ಷ ಕನ್ನಡದ ಹಾಡು ಮುಕ್ಕಾಲು ಪಾಲು ಒಬ್ಬರೇ ಮನುಷ್ಯನ ತಲೆಯಿಂದ ಬರುವಂತಾಯಿತು. ಒಬ್ಬರು ಎಷ್ಟೇ ದೊಡ್ಡವರಿರಲಿ, ವರ್ಷಕ್ಕೆ ಅಷ್ಟೊಂದು ಚಿತ್ರ ಮಾಡಿದಾಗ ಬರೆದದ್ದೇ ಮತ್ತೆ ಬರುತ್ತದೆ. ದಶಕವನ್ನು ಅಳೆಯುವಾಗ ಒಂದು ಶಿಖರ ಎಷ್ಟು ಎತ್ತರ ಅಂತಲ್ಲ, ಸಾಲು ಎಷ್ಟು ಉದ್ದ ಅಂತ ನೋಡಬೇಕು. ನಡುವೆ 1996ರಲ್ಲಿ ಇಳಯರಾಜ ಅವರ 'ನಮ್ಮೂರ ಮಂದಾರ ಹೂವೆ' ಬಂತು, ಯಾಣದ ಬಂಡೆಗಳನ್ನು ನಾಡಿಗೆಲ್ಲ ತೋರಿಸಿದ ಚಿತ್ರ. ಹಾಡುಗಳೂ ಬಹಳ ಚಂದ.

ಕಾಯ್ಕಿಣಿಯವರ ವಿಷಯ ನನಗೆ ಹೆಚ್ಚು ಕಷ್ಟದ್ದು. 2006ರ ಡಿಸೆಂಬರ್ ಕೊನೆಗೆ 'ಮುಂಗಾರು ಮಳೆ' ಬಂದಾಗ ಕನ್ನಡ ಹಾಡಿಗೆ ಮತ್ತೆ ಒಬ್ಬ ಕಥೆಗಾರ ಸಿಕ್ಕಿದರು. ಮನೋಮೂರ್ತಿ ಅವರ ರಾಗ, ಸೋನು ನಿಗಮ್ ದನಿ, ಜೋಗದ ನೀರು, ಇವೆಲ್ಲ ಸೇರಿ ಕನ್ನಡ ಹಾಡು ಕೇಳುವುದನ್ನೇ ಬಿಟ್ಟಿದ್ದ ಕಾಲೇಜು ಹುಡುಗರು ವಾಪಸ್ ಬಂದರು. ಎರಡೇ ವರ್ಷದಲ್ಲಿ 'ಗಾಳಿಪಟ'. ಕಾಯ್ಕಿಣಿಯವರ ಸಾಲಿನಲ್ಲಿ ಒಂದು ಹಿಂಜರಿಕೆ ಇದೆ, ಹೇಳಲೋ ಬೇಡವೋ ಎನ್ನುವ ತಡವರಿಕೆ. ಅದು ನಿಜವಾಗಿ ಹೊಸದು. ಆದರೆ ಆ ಹಾಡುಗಳನ್ನು ಹೊರುವ ಚಿತ್ರಗಳು ಅಷ್ಟು ಗಟ್ಟಿ ಇರಲಿಲ್ಲ. ಹಾಡಿನ ಒಳಗೆ ಒಂದು ಇಡೀ ಬದುಕು ಇರುವ ಹಾಗೆ ಅವರು ಬರೆದರು, ಪರದೆಯ ಮೇಲಿನ ಹುಡುಗನಿಗೆ ಆ ಬದುಕು ಇರಲಿಲ್ಲ. ಕಾಯ್ಕಿಣಿಯವರಿಗೆ ತ್ರಿವೇಣಿಯವರ ಕಥೆ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ನಾನು ಆಗಾಗ ಯೋಚಿಸುತ್ತೇನೆ.

ಕಳೆದ ಹತ್ತು ಹದಿನೈದು ವರ್ಷದ ಬಗ್ಗೆ ಈಗಲೇ ತೀರ್ಪು ಕೊಡುವುದಿಲ್ಲ. ಎರಡನೇ ಚರಣದ ಪರೀಕ್ಷೆಗೆ ಕಾಲ ಬೇಕು.

ಸಭೆಯಿಂದ ಬಂದ ಮೊದಲ ಪ್ರಶ್ನೆ ಒಬ್ಬ ಹಿರಿಯರದ್ದು. "ತಮಾ, ಆಗ್ಲೂ ಹಾಳು ಹಾಡು ರಾಶಿ ಇತ್ತು. ಅದ್ನ ಯಾರೂ ನೆನಪಿಟ್ಕಂಜ್ವಿಲ್ಲೆ ಅಷ್ಟೇ" ಅಂದರು. ಅವರ ಮಾತು ಖಂಡಿತ ನಿಜ. ಹಳೆಯದರಲ್ಲಿ ಒಳ್ಳೆಯದಷ್ಟೇ ಜರಡಿಯಲ್ಲಿ ಉಳಿದಿದೆ. ಆದರೆ ಐವತ್ತು, ಅರವತ್ತರ ದಶಕದ ಹಾಡುಗಳಿಗೆ ಜರಡಿ ಇನ್ನೂ ಹೆಚ್ಚು ಕಾಲ ಆಡಿದೆ. ಅಲ್ಲಿಂದಲೂ ರತ್ನದಂಥ ಹಾಡುಗಳು ಉಳಿದಿವೆ, ಅಂತ್ಯಾಕ್ಷರಿಗೆ ಬರುವುದು ಕಡಿಮೆ. ಹಳತಾದದ್ದೇ ಕಾರಣ ಆಗಿದ್ದರೆ ಅವು ಮುಂದಿರಬೇಕಿತ್ತು, ಅಲ್ವಾ?

ಕಾರವಾರದಿಂದ ಬಂದಿದ್ದ ಒಬ್ಬರು, ನಮ್ಮ ಕಡೆ ಎಪ್ಪತ್ತು ಅಂದರೆ ಹಿಂದಿಯೇ, ಕನ್ನಡ ಅಷ್ಟಾಗಿ ತಲುಪಿರಲಿಲ್ಲ ಎಂದರು. ಇದನ್ನು ಒಪ್ಪುತ್ತೇನೆ. ನಾನು ಹೇಳಿದ್ದು ಘಟ್ಟದ ಮೇಲಿನ, ಧಾರವಾಡ ಸ್ಟೇಷನ್ ಕೇಳುವ ಮನೆಗಳ ಕಥೆ. ಕಾಳಿ ನದಿಯ ದಡದವರು ತಮ್ಮ ಪಟ್ಟಿ ಮಾಡಿದರೆ ಅದು ಬೇರೆಯೇ ಇರುತ್ತದೆ, ಅದನ್ನು ಯಾರಾದರೂ ಮಾಡಲೇಬೇಕು.

ಕೊನೆಗೆ ಒಬ್ಬ ಕಾಲೇಜು ಹುಡುಗಿ ಎದ್ದಳು. "ಸರ್, ಕಾದಂಬರಿ ಬರೆದವರಲ್ಲಿ ಇಂದಿರಾ, ತ್ರಿವೇಣಿ, ವಾಣಿ, ಉಷಾ ನವರತ್ನರಾಂ ಅಂದಿರಿ. ಹಾಡಿದವರಲ್ಲಿ ಜಾನಕಿ, ಸುಶೀಲಾ ಅಂದಿರಿ. ಹಾಡು ಬರೆದವರು, ರಾಗ ಹಾಕಿದವರ ಹೆಸರು ಹೇಳುವಾಗ ಒಬ್ಬ ಹೆಂಗಸೂ ಬರಲಿಲ್ಲ ಯಾಕೆ?"

ಬರಲಿಲ್ಲ, ಯಾಕೆಂದರೆ ನಾನು ಮೆಚ್ಚುವ ಆ ಹಾಡುಗಳನ್ನು ಕಟ್ಟಿದವರಲ್ಲಿ ಹೆಂಗಸರು ಇರಲಿಲ್ಲ. ಹೆಂಗಸಿನ ಮನಸ್ಸನ್ನು ಹೆಂಗಸು ಬರೆದಳು, ಅದನ್ನು ಗಂಡಸು ಹಾಡಾಗಿ ಬದಲಾಯಿಸಿದ, ಮತ್ತೆ ಹೆಂಗಸಿನ ದನಿಗೆ ಕೊಟ್ಟ. ಹೆಂಗಸರಿಗೆ ಹಾಡು ಕಟ್ಟಲು ಬರುತ್ತಿರಲಿಲ್ಲ ಎನ್ನುವ ಮಾತನ್ನು ಈ ಜಿಲ್ಲೆಯಲ್ಲಿ ಯಾರೂ ಆಡಬಾರದು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರ ನೆನಪಿನಲ್ಲಿ ಹಾಲಕ್ಕಿಗಳ ಹಾಡಿನ ದೊಡ್ಡ ಭಂಡಾರವೇ ಇತ್ತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ನಮ್ಮ ಮನೆಗಳಲ್ಲೂ ಮದುವೆಯ ಒಂದೊಂದು ಶಾಸ್ತ್ರಕ್ಕೆ ಒಂದೊಂದು ಹಾಡು ಹೇಳುವವರು ಹೆಂಗಸರೇ. ಸಿನಿಮಾದವರು ಆ ಬಾಗಿಲನ್ನು ತಟ್ಟಿ ಹೆಂಗಸರನ್ನು ಬರೆಯಲು ಕರೆಯಲಿಲ್ಲ. ಎಪ್ಪತ್ತರ ದಶಕದ ದೊಡ್ಡ ಕೊರತೆ ಇದು.

ಎರಡು ಸಾವಿರದ ದಶಕದ ಪರ ಇದ್ದವರು ಇದಕ್ಕೆ ಚಪ್ಪಾಳೆ ತಟ್ಟಿದರು. ಅವರಿಗೂ ಹೇಳಿದೆ, ನಿಮ್ಮ ದಶಕದ ಹಾಡು ಬರೆದವರ ಹೆಸರು ಓದಿ, ಅಲ್ಲೂ ಬಹುತೇಕ ಗಂಡಸರೇ. ಎಪ್ಪತ್ತರಲ್ಲಿ ಕಥೆಯಾದರೂ ಹೆಂಗಸರದ್ದಿತ್ತು, ಆಮೇಲೆ ಕಾದಂಬರಿಯಿಂದ ಚಿತ್ರ ಮಾಡುವುದು ಕಡಿಮೆಯಾಗಿ ಅದೂ ಹೋಯಿತು. ಆ ಹುಡುಗಿ ಇಷ್ಟಕ್ಕೆ ಒಪ್ಪಲಿಲ್ಲ. ಹಾಗಿದ್ದರೆ ನೀವು ಯಾವ ದಶಕಕ್ಕೂ ಪೂರ್ತಿ ಅಂಕ ಕೊಡುವ ಹಾಗಿಲ್ಲ ಎಂದಳು. ಪೂರ್ತಿ ಅಂಕ ಕೊಡುವುದಿಲ್ಲ, ಮೊದಲ ಸ್ಥಾನ ಮಾತ್ರ ಎಪ್ಪತ್ತಕ್ಕೇ ಎಂದೆ.